ಕಿಟಕಿ ಹೂತೊಟ್ಟಿಗಳು: ಆಯ್ಕೆ, ತಯಾರಿಕೆ ಮತ್ತು ಜೋಡಣೆ

ನಗರ ಪ್ರದೇಶಗಳಲ್ಲಿ ನಿವೇಶನಗಳು ಕಿರಿದಾಗಿ ಬಹುಮಹಡಿ ವಸತಿಗಳು ಹೆಚ್ಚಿರುವುದರಿಂದ ಮನೆಯಂಗಳದ ಹೂದೋಟವು ಅನೇಕ ಕುಟುಂಬಗಳಿಗೆ ಎಟುಕದಂತಾಗಿದೆ. ಇಂತಹ ಮನೆಗಳಿಗೆ ಕಿಟಕಿಯ ಹೊರಬದಿಯಲ್ಲಿ ಅಳವಡಿಸುವ ಉದ್ದನೆಯ ಹೂತೊಟ್ಟಿಯು ಉತ್ತಮ ಪರ್ಯಾಯವಾಗಿದೆ. ಆದರೆ ನೆಲದ ಮೇಲಿನ ಕುಂಡ ಉರುಳಿದರೆ ಕುಂಡ ಮಾತ್ರ ಒಡೆಯುತ್ತದೆ. ಎರಡನೆಯ ಮಹಡಿಯ ತೊಟ್ಟಿ ಕಳಚಿದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಅಪಾಯವಾಗುತ್ತದೆ. ಆದ್ದರಿಂದ ಗಿಡಗಳ ಆಯ್ಕೆಗಿಂತ ಮೊದಲು ತೊಟ್ಟಿಯ ಭಾರವನ್ನು ಲೆಕ್ಕ ಹಾಕುವುದು ಅಗತ್ಯ.

ಭಾರದ ಲೆಕ್ಕ

90 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಹಾಗೂ 20 ಸೆಂ.ಮೀ. ಆಳದ ತೊಟ್ಟಿಯ ಒಳ ಅಳತೆ 36 ಲೀಟರ್. ಅಂಚಿನಿಂದ ಎರಡು ಸೆಂ.ಮೀ. ಬಿಟ್ಟು ತುಂಬಿದರೂ 32 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಪೂರ್ತಿ ನೆನೆದ ಕೆಂಪುಮಣ್ಣು ಲೀಟರಿಗೆ ಸುಮಾರು 1.7 ಕೆ.ಜಿ. ತೂಗುವುದರಿಂದ ಮಣ್ಣೊಂದೇ 55 ಕೆ.ಜಿ.ಯಷ್ಟಾಗುತ್ತದೆ. ಅಂದರೆ ಒಂದು ಮೂಟೆ ಸಿಮೆಂಟಿಗಿಂತಲೂ ಹೆಚ್ಚು. ಮರದ ತೊಟ್ಟಿಯಾದಲ್ಲಿ ಇದಕ್ಕೆ ಇನ್ನೂ ಏಳೆಂಟು ಕೆ.ಜಿ. ಸೇರುತ್ತದೆ. ಅಂಗಡಿಯಲ್ಲಿ ಖಾಲಿ ತೊಟ್ಟಿಯನ್ನು ಎತ್ತಿ ನೋಡಿ ಹಗುರವೆಂದು ಭಾವಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

ಬರಿಯ ಮಣ್ಣಿನ ಬದಲು ಎರಡು ಪಾಲು ತೆಂಗಿನ ನಾರಿನ ಪುಡಿ (ಕೋಕೋಪೀಟ್), ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಗೊಬ್ಬರ ಬೆರೆಸಿದಲ್ಲಿ ಅದೇ ತೊಟ್ಟಿಯ ಮಿಶ್ರಣವು ನೆನೆದಾಗಲೂ 30ರಿಂದ 35 ಕೆ.ಜಿ.ಯೊಳಗೆ ಇರುತ್ತದೆ. ತೇವವೂ ಹೆಚ್ಚು ಕಾಲ ಉಳಿಯುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿನ ಅಂಶ ಇರಬಹುದಾದ್ದರಿಂದ ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲಿದ ನಂತರವೇ ಬಳಸಬೇಕು.

ಖರೀದಿಸುವಾಗ

ಪ್ಲಾಸ್ಟಿಕ್ ತೊಟ್ಟಿಗಳು ಹಗುರ ಹಾಗೂ ಅಗ್ಗ. ಆದರೆ ಬಿಸಿಲಿಗೆ ಎರಡು ಮೂರು ವರ್ಷಗಳಲ್ಲಿ ಪೆಡಸಾಗಿ ಅಂಚು ಬಿರಿಯುವ ತೆಳು ಪ್ಲಾಸ್ಟಿಕ್ಕನ್ನು ಮಹಡಿಯ ಕಿಟಕಿಗೆ ಬಳಸಬಾರದು. ನೇರಳಾತೀತ ಕಿರಣಗಳನ್ನು ತಡೆಯುವ ಗುಣಮಟ್ಟದ ದಪ್ಪ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ತೊಟ್ಟಿಗಳು ಸೂಕ್ತ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವ ರಾಯಚೂರು, ಕಲಬುರಗಿ ಮುಂತಾದ ಕಡೆ ಕಪ್ಪು ಬಣ್ಣದ ತೊಟ್ಟಿಯಲ್ಲಿ ಬೇರುಗಳು ಬೇಯುತ್ತವೆ. ಬಿಳಿ ಅಥವಾ ತಿಳಿ ಬಣ್ಣದವನ್ನೇ ಆರಿಸಬೇಕು. ಸುಟ್ಟ ಮಣ್ಣಿನ ತೊಟ್ಟಿ ನೋಟಕ್ಕೆ ಚೆಂದವಾದರೂ ಭಾರ ಹಾಗೂ ಒಡೆಯುವ ಸ್ವಭಾವದ್ದು. ಅದು ನೆಲ ಅಂತಸ್ತಿಗೆ ಮಾತ್ರ ಇರಲಿ.

ಮನೆಯಲ್ಲಿ ತಯಾರಿಸುವಾಗ

ತೇಗದ ಹಲಗೆ ಬಹುಕಾಲ ಬಾಳುತ್ತದೆ. ಸಿಲ್ವರ್ ಓಕ್ ಅಗ್ಗವಾದರೂ ತೇವಕ್ಕೆ ಬೇಗ ಕೊಳೆಯುತ್ತದೆ. ಸಾಮಾನ್ಯ ಪ್ಲೈವುಡ್ ಮೊದಲ ಮಳೆಗಾಲದಲ್ಲೇ ಉಬ್ಬಿ ಪದರ ಬಿಡುವುದರಿಂದ ಉಪಯೋಗಕ್ಕೆ ಬಾರದು. ಎರಡು ಸೆಂ.ಮೀ. ದಪ್ಪದ ಹಲಗೆಗಳನ್ನು ಮೊಳೆಯಿಂದಲ್ಲ, ತುಕ್ಕು ಹಿಡಿಯದ ಸ್ಟೀಲ್ ತಿರುಪುಗಳಿಂದ ಜೋಡಿಸಬೇಕು. ನೆನೆದು ಒಣಗುವ ಮರದಲ್ಲಿ ಮೊಳೆಯು ಕ್ರಮೇಣ ಸಡಿಲಗೊಳ್ಳುತ್ತದೆ. ತಳದಲ್ಲಿ ಪ್ರತಿ 15 ಸೆಂ.ಮೀ.ಗೆ ಒಂದರಂತೆ 12 ಮಿ.ಮೀ. ವ್ಯಾಸದ ರಂಧ್ರ ಕೊರೆದು, ಮಣ್ಣು ಸೋರದಂತೆ ಸೊಳ್ಳೆಪರದೆಯ ತುಂಡನ್ನು ಹಾಸಬೇಕು. ಜಲ್ಲಿಕಲ್ಲಿನ ಪದರ ಅನಗತ್ಯ. ಅದು ಭಾರವನ್ನಷ್ಟೇ ಹೆಚ್ಚಿಸುತ್ತದೆ.

ಗೋಡೆಗೆ ಜೋಡಣೆ

ಸಜ್ಜಾದ ಮೇಲೆ ತೊಟ್ಟಿಗಳನ್ನು ಸಾಲಾಗಿ ಇಡುವುದು ನಮ್ಮಲ್ಲಿ ರೂಢಿ. ಸಜ್ಜಾ ಬಿಸಿಲು ಮಳೆಗಳ ತಡೆಗಾಗಿ ನಿರ್ಮಿಸಿದ್ದು. ಹಳೆಯ ಕಟ್ಟಡಗಳಲ್ಲಿ ಅದರ ಕಬ್ಬಿಣ ತುಕ್ಕು ಹಿಡಿದಿರುವ ಸಂಭವವೂ ಇದೆ. ಕಿಟಕಿಯ ಗ್ರಿಲ್‌ಗೆ ನೇತುಹಾಕುವುದೂ ಸರಿಯಲ್ಲ. ಗ್ರಿಲ್ ಅನೇಕ ಮನೆಗಳಲ್ಲಿ ಚೌಕಟ್ಟಿಗೆ ಸಣ್ಣ ತಿರುಪುಗಳಿಂದ ಮಾತ್ರ ಹಿಡಿದಿರುತ್ತದೆ.

ತ್ರಿಕೋನಾಕಾರದ ಕಬ್ಬಿಣದ ಬ್ರಾಕೆಟ್‌ಗಳನ್ನು ಗೋಡೆಗೆ ಬಿಗಿದು ಅವುಗಳ ಮೇಲೆ ತೊಟ್ಟಿಯನ್ನು ಕೂರಿಸುವುದೇ ಸುರಕ್ಷಿತ ವಿಧಾನ. 90 ಸೆಂ.ಮೀ. ತೊಟ್ಟಿಗೆ ಮೂರು ಬ್ರಾಕೆಟ್ ಬೇಕು. ಲೆಕ್ಕ ಹಾಕಿದ ಭಾರದ ಎರಡರಷ್ಟನ್ನು ತಾಳುವಂತೆ ಅವನ್ನು ಆರಿಸತಕ್ಕದ್ದು. ಆಂಕರ್ ಬೋಲ್ಟ್ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಆಳವಾಗಿ ಇಳಿದಿರಬೇಕು. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಗಳಲ್ಲಿ ಸಾಮಾನ್ಯ ಬೋಲ್ಟ್ ಹಿಡಿತ ಪಡೆಯದು. ಅಲ್ಲಿ ಅದಕ್ಕೆಂದೇ ದೊರೆಯುವ ಬೋಲ್ಟ್‌ಗಳನ್ನು ಅನುಭವಿ ಕೆಲಸಗಾರರಿಂದ ಹಾಕಿಸಬೇಕು. ಗೋಡೆಗೂ ತೊಟ್ಟಿಗೂ ನಡುವೆ ಎರಡು ಮೂರು ಸೆಂ.ಮೀ. ಅಂತರವಿಟ್ಟರೆ ಗೋಡೆ ತೇವ ಹಿಡಿಯುವುದಿಲ್ಲ. ಮುಂಭಾಗದಲ್ಲಿ ತೊಟ್ಟಿ ಜಾರದಂತೆ ಅಡ್ಡಪಟ್ಟಿ ಇರುವುದು ಕಡ್ಡಾಯ.

ಇತರರ ಪ್ರಾಣಕ್ಕೆ ಅಪಾಯವಾಗುವಂತಹ ನಿರ್ಲಕ್ಷ್ಯವು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧವಾಗಿರುತ್ತದೆ. ಬಹುಮಹಡಿ ವಸತಿಯಲ್ಲಿರುವವರು ನಿವಾಸಿಗಳ ಸಂಘದ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳಿತು. ಬಾಡಿಗೆದಾರರು ಗೋಡೆ ಕೊರೆಯುವ ಮುನ್ನ ಮಾಲೀಕರನ್ನು ಕೇಳಬೇಕು.

ಗಿಡಗಳ ಆಯ್ಕೆ

ಪೂರ್ವದ ಕಿಟಕಿಗೆ ಪೆಟೂನಿಯಾ, ಜಿರೇನಿಯಂ, ಕೊತ್ತಂಬರಿ, ಮೆಂತ್ಯ ಹೊಂದುತ್ತವೆ. ಪಶ್ಚಿಮದ ಬಿಸಿಲನ್ನು ಟೇಬಲ್ ರೋಸ್ ಹಾಗೂ ದೊಡ್ಡಪತ್ರೆ ಚೆನ್ನಾಗಿ ತಾಳುತ್ತವೆ. ಉತ್ತರದ ಕಿಟಕಿಗೆ ಬಿಸಿಲೇ ಬಾರದೆಂಬುದು ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ತುಸು ಉತ್ತರಕ್ಕೇ ಇರುತ್ತಾನೆ. ಆದರೂ ವರ್ಷದ ಉಳಿದ ಅವಧಿಯನ್ನು ಗಮನಿಸಿ ಅಲ್ಲಿ ಜರೀಗಿಡ, ಮನಿಪ್ಲಾಂಟ್, ಬಿಗೋನಿಯಾ ಬೆಳೆಸುವುದು ಲೇಸು. ಎತ್ತರಕ್ಕೆ ಬೆಳೆದು ಗಾಳಿಗೆ ತೊನೆಯುವ ಗಿಡಗಳನ್ನು ಯಾವ ದಿಕ್ಕಿಗೂ ಹಾಕಬಾರದು.

ನೀರು ಮತ್ತು ಸೊಳ್ಳೆ

ಕೆಳಮನೆಯವರ ಒಣಬಟ್ಟೆಯ ಮೇಲೆ ಕೆಸರು ನೀರು ಬೀಳುವುದು ಅಕ್ಕಪಕ್ಕದ ಮನಸ್ತಾಪಕ್ಕೆ ಸಾಮಾನ್ಯ ಕಾರಣ. ಇದಕ್ಕಾಗಿ ತೊಟ್ಟಿಯ ಅಡಿಗೆ ತಟ್ಟೆ ಇಡುವುದು ಸರಿಯೇ. ಆದರೆ ಅದರಲ್ಲಿ ನಿಂತ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ತಾಣವಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕಾದ್ದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆಯನ್ನು ಬರಿದು ಮಾಡಬೇಕು. ಮೊಟ್ಟೆಗಳು ಒಣ ತಟ್ಟೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವಂತವಿರುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಮೈಯನ್ನು ತಿಕ್ಕಿ ತೊಳೆಯಬೇಕು. ಕರ್ನಾಟಕದಲ್ಲಿ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಲಾಯಿತು.

ಕರಾವಳಿ ಹಾಗೂ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಟ್ಟಿಗಳನ್ನು ಕೆಳಗಿಳಿಸಿ ಜಗಲಿಯಲ್ಲಿ ಇಡುವುದು ಉತ್ತಮ. ಉಳಿದೆಡೆ ಮುಂಗಾರಿಗೆ ಮೊದಲು ಪ್ರತಿ ವರ್ಷ ಬ್ರಾಕೆಟ್‌ನ ತುಕ್ಕು, ಬೋಲ್ಟ್‌ಗಳ ಬಿಗಿ ಮತ್ತು ಹಲಗೆಯ ತಳವನ್ನು ಪರೀಕ್ಷಿಸಬೇಕು. ತಿರುಪುಳಿಯ ತುದಿಯು ಮರದೊಳಗೆ ಸುಲಭವಾಗಿ ಇಳಿದಲ್ಲಿ ಹಲಗೆ ಕೊಳೆತಿದೆ ಎಂದರ್ಥ; ಅಂತಹ ತೊಟ್ಟಿಯನ್ನು ಅದೇ ದಿನ ಇಳಿಸತಕ್ಕದ್ದು.