ಗಾಳಿ ಮುಚ್ಚಿದ ಮನೆಗಳು

ಆಷಾಢದಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದವರಿಗೆ ನಮ್ಮ ಸೀಮೆಯ ಗಾಳಿಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಪಡುವಣದಿಂದ ಬೀಸುವ ಆ ಗಾಳಿ ಮೋಡವನ್ನು ತಲೆಯ ಮೇಲೆಯೇ ಅಟ್ಟಿಕೊಂಡು ಹೋಗುತ್ತದೆ, ಹನಿ ಮಾತ್ರ ಉದುರುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದ ಅತಿ ಒಣ ತಾಲ್ಲೂಕುಗಳು. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಮುಟ್ಟುವುದಿಲ್ಲ. ಮಾಗಿ ಬಂದರೆ ಗಾಳಿ ಮೂಡಣದಿಂದ ಬೀಸುತ್ತದೆ. ಮರವಿಲ್ಲದ ಬಯಲು, ಮೋಡವಿಲ್ಲದ ಆಕಾಶ; ಹಗಲು ಕಾದ ನೆಲ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಸೌದೆಗೂ ಬರ. ಹಾಗಾಗಿ ನಮ್ಮ ಹಿರಿಯರು ಮನೆಯನ್ನು ಕಾಯಿಸುವ ಗೋಜಿಗೆ ಹೋಗಲಿಲ್ಲ. ಗಾಳಿ ಒಳಗೆ ಬರದಂತೆ ನೋಡಿಕೊಂಡರು. ಈ ಊರುಗಳಲ್ಲಿ ಚರಿತ್ರೆ ಪಾಠ ಹೇಳಿದವನಾಗಿ, ರಾಜರ ಕಥೆಗಿಂತ ಈ ಕಥೆಯನ್ನು ಬರೆದಿಡಬೇಕೆಂದು ನನಗೆ ಬಹಳ ಕಾಲದಿಂದ ಆಸೆ.

ಬೆಟ್ಟಕ್ಕೆ ಬರುವವರು ಸಾಮಾನ್ಯವಾಗಿ ಜಟಾಯು ಬಿದ್ದ ಜಾಗವನ್ನು ಕೇಳುತ್ತಾರೆ. ಓದಿದವರು ಅಶೋಕನ ಶಾಸನ ಕೇಳುತ್ತಾರೆ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಇಲ್ಲಿನದು ಬಳೆಗಾರನ ಗುಂಡಿನ ಮೇಲಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆಯಾದ್ದರಿಂದ ಆ ಹೆಸರು. ಮೂರರಲ್ಲಿ ಹೆಚ್ಚು ಸವೆದದ್ದೂ ಇದೇ. ಶಾಸನದ ಇಸಿಲ ಪಟ್ಟಣದಲ್ಲಿ ಮಹಾಮಾತ್ರರಿದ್ದರು, ಬರೆದವನ ಹೆಸರು ಚಪಡ ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಇಸಿಲದ ಜನ ರಾತ್ರಿ ಹೇಗೆ ಮಲಗುತ್ತಿದ್ದರು ಎಂದು ಯಾವ ಹುಡುಗನಾದರೂ ಕೇಳಿದರೆ ಬ್ರಹ್ಮಗಿರಿಯ ಅಗೆತದ ಕಡೆಗೆ ಹೋಗಬೇಕು.

1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ನೆಲ ಬಿಡಿಸಿದಾಗ, ಕಲ್ಗೊಡಲಿ ಬಳಸುತ್ತಿದ್ದವರ ಪದರದಲ್ಲಿ ಮರದ ಕಂಬ ನೆಟ್ಟ ಕುಣಿಗಳೂ ಒರಟು ಕಲ್ಲಿನ ಗಿಡ್ಡ ಗೋಡೆಗಳೂ ಸಿಕ್ಕವು. ಮೇಲೆ ಮರ, ಬುಡದಲ್ಲಿ ಕಲ್ಲು. ಇನ್ನೂ ಮುಂದಿನ ಕಾಲದ ಬೃಹತ್ ಶಿಲಾ ಸಮಾಧಿಗಳನ್ನು ನೋಡಿ. ನಾಲ್ಕು ಚಪ್ಪಡಿಗಳನ್ನು ಒಂದರ ಅಂಚು ಇನ್ನೊಂದನ್ನು ದಾಟುವಂತೆ, ಸ್ವಸ್ತಿಕದ ಹಾಗೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಅವು ಒಂದನ್ನೊಂದು ಬಿಗಿಹಿಡಿಯುತ್ತವೆ. ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಂಡಿ, ಅದನ್ನು ಮುಚ್ಚಲು ಬೇರೆ ಕಲ್ಲು. ಸತ್ತವರ ಮನೆಗೇ ಇಷ್ಟು ಬಂದೋಬಸ್ತು ಮಾಡಿದವರು ಬದುಕಿದ್ದವರ ಗುಡಿಸಲನ್ನು ಗಾಳಿಗೆ ಬಿಟ್ಟಿರಲಾರರು ಎಂಬುದು ನನ್ನ ನಂಬಿಕೆ.

ನಾನು ಕಣ್ಣಾರೆ ಕಂಡದ್ದು ಮಾಳಿಗೆ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಕಟ್ಟಿಗೆ, ಆಮೇಲೆ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಬೆಳೆ ಬಾರದ ಚೌಳು ನೆಲದ ಈ ಮಣ್ಣನ್ನು ಮುಂಗಾರಿಗೆ ಮೊದಲು ಗಾಡಿಯಲ್ಲಿ ತಂದು ಹೊಸದಾಗಿ ಹರಡಿ ತುಳಿಯುತ್ತಿದ್ದರು. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸುತ್ತದೆ. ನೀರು ಬಿದ್ದೊಡನೆ ಕಣಗಳು ಉಬ್ಬಿ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಸೂರಿಗೆ ವರವಾದದ್ದು ಹೀಗೆ. ಮಳೆ ನೀರೂ ಇಳಿಯದು, ಗಾಳಿಯೂ ನುಸುಳದು. ಬೇಸಿಗೆಯ ಝಳವನ್ನು ತಡೆಯುವುದೂ ಮಾಗಿಯಲ್ಲಿ ಬಿಸುಪನ್ನು ಹಿಡಿದಿಡುವುದೂ ಅದೇ ದಪ್ಪ.

ನನ್ನ ಅಜ್ಜಿಯ ಮನೆಗೆ ಪಡುವಣದ ಗೋಡೆಯಲ್ಲಿ ಒಂದು ಗೂಡು ಬಿಟ್ಟರೆ ತೂತೇ ಇರಲಿಲ್ಲ. ಬೆಳಕಿಗೆ ಮಾಳಿಗೆಯ ಬೆಳಕಿಂಡಿ, ಅದಕ್ಕೊಂದು ಮುಚ್ಚುಗಲ್ಲು. ಗೋಡೆಯಲ್ಲಿ ಬಿರುಕು ಕಂಡ ದಿನವೇ ಅಜ್ಜಿ ಸಗಣಿ-ಮಣ್ಣು ಕಲಸಿ ಬೆರಳಿನಿಂದ ಒತ್ತಿ ಮುಚ್ಚುತ್ತಿದ್ದಳು. ಬಾಗಿಲು ಮೂಡಣಕ್ಕಿದ್ದುದರಿಂದ ಆಷಾಢದಲ್ಲಿ ತೊಂದರೆ ಇಲ್ಲ, ಮಾಗಿಯ ಗಾಳಿ ಮಾತ್ರ ನೇರ ಒಳಕ್ಕೇ. ಆಗ ಬಾಗಿಲ ಒಳಗಡೆ ಹಳೆಯ ಕಂಬಳಿ ಇಳಿಬಿಟ್ಟು, ಹೊಸ್ತಿಲ ಸಂದಿಗೆ ಕಂಬಳಿಯ ಹರಕು ಸುತ್ತಿ ತುರುಕುವಳು. "ಬಾಗ್ಲು ಹಾಕ್ಕಳಪ್ಪ, ಸುಳಿಗಾಳಿ ನುಗ್ತೈತೆ" ಎನ್ನುವುದು ಅವಳ ಸಂಜೆಯ ಮಾತು. ಒಲೆಗೆ ಕುಳ್ಳು ಹಾಕುವುದು ಅಡುಗೆಗೆ ಮಾತ್ರ. ಅಡುಗೆಯಾದ ಮೇಲೆ ಉಳಿದ ಬಿಸುಪು ಬೆಳಗಿನವರೆಗೆ ಒಳಗೇ ಇರುತ್ತಿತ್ತು.

ಹೊಗೆಯೂ ಒಳಗೇ ಇರುತ್ತಿತ್ತು. ಇದನ್ನು ಬಿಟ್ಟು ಹಳೆಯ ಮನೆಯನ್ನು ಹೊಗಳಿದರೆ ಅಪಚಾರವಾದೀತು. ಬೆಳಕಿಂಡಿ ಮುಚ್ಚಿದ ಮನೆಯ ಹೊಗೆಯನ್ನೆಲ್ಲ ಕುಡಿದವರು ಹೆಂಗಸರು. ಅಜ್ಜಿಯ ಕಣ್ಣು ಕೊನೆಯವರೆಗೂ ಕೆಂಪಗಿತ್ತು, ಕೆಮ್ಮು ಬಿಡಲಿಲ್ಲ. ಗ್ಯಾಸ್ ಒಲೆ ಬಂದದ್ದನ್ನು ನಾನು ದೊಡ್ಡ ಬಿಡುಗಡೆ ಎಂದೇ ಎಣಿಸುತ್ತೇನೆ.

ಈ ಕಥೆಯ ನಡುಗಂಬ ಕಂಬಳಿಯೇ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಕುರುಬರ ಕುರಿ ಸಾಕಣೆಯನ್ನೂ ಕಂಬಳಿ ನೇಯ್ಗೆಯನ್ನೂ ಬರೆದುಕೊಂಡ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಇಲ್ಲಿನ ಕಾವಲುಗಳೆಂಬ ಹುಲ್ಲುಗಾವಲುಗಳಿಂದ, ಅಲ್ಲಿನ ಹುಲ್ಲು ಮೇಯುವ ಕರಿ ಕುರಿಯಿಂದ. ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂತು ಕೊಟ್ಟ ಮೇಲೆ ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಹಚ್ಚುತ್ತಾರೆ. ಬೀಜವನ್ನು ಹುರಿದು, ಸಿಪ್ಪೆ ಕಳೆದು, ಅರೆದು, ಕುದಿಸಿ ಮಾಡಿದ ಅಂಟು ಅದು. ಬಿಸಿಲಲ್ಲಿ ಬಿಗಿದ ಹಾಸಿನ ಮೇಲೆ ಕುಂಚದಿಂದ ತೀಡಿದರೆ ಉಣ್ಣೆಯ ನವಿರು ನೂಲಿಗೆ ಮಲಗುತ್ತದೆ, ನೂಲು ಗಟ್ಟಿಯಾಗುತ್ತದೆ. ಆಮೇಲೆ ಒತ್ತಾಗಿ ನೇಯ್ದ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಚುಚ್ಚುತ್ತದೆ ಎಂದು ಪಟ್ಟಣದವರು ದೂರುವ ಗುಣವೇ ಅದರ ಬೆಲೆ. ಮೆತ್ತನೆಯ ಬಟ್ಟೆಯಲ್ಲಿ ನುಸುಳುವ ಗಾಳಿ ಇದರಲ್ಲಿ ನುಸುಳದು. ಕುರಿಯ ಹಿಂದೆ ಬಯಲಲ್ಲಿ ಇರುಳು ಕಳೆಯುವವನಿಗೆ ಕಂಬಳಿ ಕೊಪ್ಪೆಯೇ ಗೋಡೆ, ಅದೇ ಮಾಳಿಗೆ.

ಮನೆಗಳು ಬದಲಾದವು, ಉಣ್ಣೆಯೂ ಇಳಿಯಿತು. ತೊಲೆಗೆ ಮರವಿಲ್ಲ, ವರ್ಷ ವರ್ಷ ಮಣ್ಣು ತುಳಿಯಲು ಆಳಿಲ್ಲ. ಆರ್‌ಸಿಸಿ ಹಾಕಿಸಿದವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ತೆಳು ಗೋಡೆ, ಕಬ್ಬಿಣದ ಕಿಟಕಿ, ನೆಲಕ್ಕೂ ಬಾಗಿಲಿಗೂ ನಡುವೆ ಬೆರಳು ತೂರುವ ಸಂದಿ. ಬೇಸಿಗೆಯಲ್ಲಿ ಫ್ಯಾನು ಬಿಸಿ ಗಾಳಿ ಬೀಸುತ್ತದೆ, ಮಾಗಿಯಲ್ಲಿ ಮಕ್ಕಳು ಮುದುರಿ ಮಲಗುತ್ತಾರೆ. ಪಾಲಿಸ್ಟರ್ ಹೊದಿಕೆ ಅಗ್ಗವಾದ ಮೇಲೆ ಒರಟು ಉಣ್ಣೆಯನ್ನು ಕೇಳುವವರಿಲ್ಲ. ಮಾರಿ ಬಂದ ದುಡ್ಡು ಕತ್ತರಿಸುವ ಕೂಲಿಗೂ ಸಾಲದೆಂದು ಕುರಿಗಾರರು ಹೇಳುತ್ತಾರೆ. ಅದರ ಮೇಲೆ, ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಿತು. ದೇಶಕ್ಕೆ ಪ್ರಯೋಗಶಾಲೆ ಬೇಕು, ಒಪ್ಪುತ್ತೇನೆ. ಹುಲ್ಲುಗಾವಲನ್ನು ಪಾಳು ಎಂದು ಬಗೆದದ್ದನ್ನು ಒಪ್ಪಲಾರೆ.

ಅಣ್ಣನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಅಲ್ಲಿ ಗ್ಯಾಸಿನ ದರ ಏರಿ, ಮನೆ ಬೆಚ್ಚಗಿಡುವ ಬಿಲ್ಲಿಗೆ ಜನ ಹೆದರಿದರು. ಹಳೆಯ ಇಟ್ಟಿಗೆ ಮನೆಯ ಕಿಟಕಿ ಅಂಚಿಗೆ ರಬ್ಬರು ಪಟ್ಟಿ, ಬಾಗಿಲ ಕೆಳಗೆ ಕುಂಚದ ಪಟ್ಟಿ ಹೊಡೆಸಿದೆನೆಂದು ಫೋನಿನಲ್ಲಿ ವಿವರಿಸಿದಳು. ಅಜ್ಜಿಯ ಹೊಸ್ತಿಲ ಹರಕು ಕಂಬಳಿಯ ಸಂಗತಿ ಹೇಳಿದೆ. "ಚಿಕ್ಕಪ್ಪ, ಹಾಗಾದರೆ ಒಂದು ಕಂಬಳಿ ಕಳಿಸಿ, ಬಾಗಿಲಿಗೇ ಹಾಕ್ತೀನಿ" ಎಂದಳು. ಪರಿಚಯದ ನೇಕಾರರೊಬ್ಬರ ಬಳಿ ಹೋದೆ. ಬಾಗಿಲಿಗೆ ಎಂದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಸರಿ ಇನ್ನೊಂದು ಕೈ ಹೆಚ್ಚು ಹಚ್ಚಬೇಕು, ಬಾಗಿಲು ಎಷ್ಟು ಮೊಳ ಎಂದು ಕೇಳಿ ಹೇಳಿ ಅಂದರು.