ನೆತ್ತಿಯ ಗುಡಿಸಲು ಮತ್ತು ಸೋಲಿಗರ ಎಲ್ಲೆ: ಬುಕಾನನ್ ಪರಿಚ್ಛೇದದ ಮರುಪರಿಶೀಲನೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಚರಿತ್ರೆ ಬರೆಯಹೊರಟವರು ಇಂದಿಗೂ ಫ್ರಾನ್ಸಿಸ್ ಬುಕಾನನ್‌ನ ಒಂದು ಪರಿಚ್ಛೇದದಿಂದಲೇ ಮಾತು ತೆಗೆಯುತ್ತಾರೆ. 1800–01ರ ಪ್ರವಾಸದ ಫಲವಾಗಿ 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಸೋಲಿಗರಿಗೆ ದಕ್ಕಿದ ಜಾಗ ಚಿಕ್ಕದು. ಅದರ ಮೇಲೆ ಕಟ್ಟಿದ ತೀರ್ಮಾನ ಮಾತ್ರ ದೊಡ್ಡದು. ಅವನು ಹೇಳುವುದರ ಸಾರ ಇಷ್ಟು: ಇವರ ಮೈಮೇಲೆ ಬಟ್ಟೆ ಅತ್ಯಲ್ಪ, ಬೆಂಕಿಯ ಸುತ್ತ ಬಾಳೆಲೆ ಹಾಸಿ, ಬಾಳೆಲೆಯನ್ನೇ ಹೊದ್ದು ಮಲಗುತ್ತಾರೆ, ಹುಲಿ ಸುಳಿಯದ ಬೆಟ್ಟದ ನೆತ್ತಿಗಳಲ್ಲಿ ವಾಸ, ಅಲ್ಲಿ ಬರಿಮೈಗೆ ಚಳಿಯ ಕಾಟ, ಬಿದಿರಿನ ಎರಡೂ ತುದಿಗಳನ್ನು ನೆಲಕ್ಕೆ ಊರಿ ಕಮಾನು ಮಾಡಿ ಬಾಳೆಲೆ ಹೊದಿಸಿದರೆ ಗುಡಿಸಲು. ಸೋಲಿಗರಿಗೆ ಊರೆಂಬುದಿರಲಿಲ್ಲ, ಕಾಡಿನಲ್ಲಿ ಅಲೆದುಕೊಂಡಿದ್ದರು, ಸರ್ಕಾರ ಕಾಲೊನಿ ಕಟ್ಟಿಕೊಟ್ಟ ಮೇಲೆ ನೆಲೆ ನಿಂತರು ಎಂಬ ಮಾತಿಗೆ ಇದೇ ಆಧಾರವಾಗಿ ಬಳಕೆಯಾಗುತ್ತ ಬಂದಿದೆ. ಆ ತೀರ್ಮಾನ ತಪ್ಪು. ತಪ್ಪೆಂದು ತೋರಿಸಲು ಬೇಕಾದ ಸಾಕ್ಷ್ಯ ಅದೇ ಪರಿಚ್ಛೇದದಲ್ಲಿದೆ.

ದಾರಿ ತಪ್ಪಿದ್ದು ಎಲ್ಲಿ ಎಂಬುದು ಸ್ಪಷ್ಟ. ಎಡ್ಗರ್ ಥರ್ಸ್ಟನ್ 1909ರ ತನ್ನ ಏಳು ಸಂಪುಟಗಳ ಜಾತಿ–ಬುಡಕಟ್ಟು ಕೋಶದಲ್ಲಿ ಈ ಸಾಲುಗಳನ್ನು ಎತ್ತಿಕೊಂಡ. ಅದರ ಬೆನ್ನಿಗೇ, ಈಗಿನ ಸೋಲಿಗ ಬಟ್ಟೆ ಉಡುತ್ತಾನೆ, ಬೆಂಕಿಯ ಬದಲು ಕಂಬಳಿ ಹಿಡಿದಿದ್ದಾನೆ ಎಂಬ ಅರ್ಥದ ಟಿಪ್ಪಣಿ ಸೇರಿಸಿದ. ಅಲ್ಲಿಗೆ ಬುಕಾನನ್‌ನ ವಾಕ್ಯಗಳು ಪ್ರಗತಿ ಅಳೆಯುವ ಕೋಲಾದವು. ಯಾರು, ಎಲ್ಲಿ, ಏಕೆ ವಾಸವಿದ್ದರು ಎಂಬ ಪ್ರಶ್ನೆ ಬಿದ್ದುಹೋಗಿ, ಎಷ್ಟು ‘ಮುಂದುವರಿದರು’ ಎಂಬ ಪ್ರಶ್ನೆ ಉಳಿಯಿತು. ಥರ್ಸ್ಟನ್‌ನ ಶ್ರಮ ಸಣ್ಣದಲ್ಲ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮೂಲವನ್ನು ತೆರೆದು ನೋಡದೆ ಅವನ ಕೋಶದಿಂದಲೇ ಬುಕಾನನ್‌ನನ್ನು ಉದ್ಧರಿಸುತ್ತ ಬಂದವರ ಬಗ್ಗೆ ಅಷ್ಟು ಸಹನೆ ತೋರಲಾರೆ.

ಮೊದಲು ಬಾಳೆಲೆಯನ್ನು ನೋಡೋಣ. ಹಾಸಲು, ಹೊದೆಯಲು, ಸೂರಿಗೆ: ಒಂದೇ ಪರಿಚ್ಛೇದದಲ್ಲಿ ಮೂರು ಕಡೆ ಅದು ಬರುತ್ತದೆ. ಇಷ್ಟೊಂದು ಎಲೆ ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ. ಅದು ಕಾಡುಬಾಳೆಯಾಗಿದ್ದರೆ, ತೇವ ಆರದ ಕಣಿವೆಯ ಮಗ್ಗುಲಲ್ಲೇ ಸಿಗಬೇಕು. ಅಂದರೆ ಬಿಡಾರ ನೀರಿನ ಸೆಲೆಗೆ ಅಂಟಿಕೊಂಡಿತ್ತು. ನೆಟ್ಟ ಬಾಳೆಯಾಗಿದ್ದರೆ, ಕಂದು ಊರಿ ಗಿಡ ಬೆಳೆದು ಎಲೆ ಕೊಯ್ಯುವವರೆಗೆ ಒಂದೆಡೆ ನಿಂತವರು ಅವರು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಗೊತ್ತುಗುರಿಯಿಲ್ಲದ ಅಲೆದಾಟಕ್ಕೆ ಎಡೆಯಿಲ್ಲ.

ಎರಡನೆಯದು ಬಿದಿರು. ಈ ಬೆಟ್ಟಸಾಲು ಸುಮಾರು 600 ಮೀಟರಿನಿಂದ 1,800 ಮೀಟರಿನವರೆಗೆ ಏರುತ್ತದೆ. ಬಿದಿರು ಸಮೃದ್ಧವಾಗಿರುವುದು ಕೆಳ ಮತ್ತು ನಡು ಇಳಿಜಾರಿನ ಎಲೆ ಉದುರುವ ಕಾಡಿನಲ್ಲಿ. ಮೇಲೆ ಹೋದಂತೆ ಶೋಲಾ ಕಾಡು ಮತ್ತು ಹುಲ್ಲುಗಾವಲು. ಹೀಗಾಗಿ ಬಿದಿರಿನ ಕಮಾನು ಮತ್ತು ನೆತ್ತಿಯ ಕೊರೆಯುವ ಚಳಿ ಒಂದೇ ಬಿಡಾರದ ವಿವರಗಳಾಗಿರುವುದು ಅನುಮಾನ. ಬಯಲಿನಿಂದ ತಲೆಯೆತ್ತಿ ನೋಡಿದವನಿಗೆ ಇಳಿಜಾರಿನ ಮೇಲಿನದೆಲ್ಲ ನೆತ್ತಿಯೇ. ಎರಡು ಎತ್ತರದ, ಎರಡು ಕಾಲದ ವಾಸಗಳು ಇಲ್ಲಿ ಒಂದೇ ಚಿತ್ರವಾಗಿ ಬೆರೆತಿವೆ ಎಂಬುದು ನನ್ನ ವಾದ. ಎಲೆ ಹೊದಿಸಿದ ಕಮಾನು ಬೆಳೆ ಕಾಯುವ ಕಾಲದ ತಂಗುದಾಣಕ್ಕೆ ಸಾಕು; ಅದನ್ನು ಕಂಡು ‘ಇಷ್ಟೇ ಇವರ ಮನೆ’ ಎನ್ನುವುದು, ಹೊಲದ ಅಟ್ಟಣೆ ನೋಡಿ ರೈತನಿಗೆ ಮನೆಯಿಲ್ಲ ಎಂದಂತೆ.

ಮೂರನೆಯದು ಹುಲಿ. ಹುಲಿ ನಿಜಕ್ಕೂ ಎತ್ತರಕ್ಕೆ ಬರುತ್ತಿರಲಿಲ್ಲವೇ ಎಂದು ವಾದಿಸುವುದು ಇಲ್ಲಿ ಅನವಶ್ಯಕ. ಆ ಕಾರಣವನ್ನು ಸೋಲಿಗರೇ ಹೇಳಿರಲಿ, ಬುಕಾನನ್ ತಾನೇ ಊಹಿಸಿರಲಿ, ಚಳಿಯ ಕಷ್ಟವನ್ನು ಸಹಿಸಿಯೂ ಒಂದು ಜಾಗವನ್ನು ಆಯ್ದುಕೊಂಡ ಜನರ ಚಿತ್ರ ಅದು. ಆಯ್ಕೆಯಿರುವಲ್ಲಿ ನೆಲದ ತಿಳಿವಳಿಕೆಯೂ ಇರಬೇಕು.

ಹಾಗಾದರೆ ಊರು ಎಲ್ಲಿತ್ತು? ಉತ್ತರ ಸೋಲಿಗರ ಎಲ್ಲೆಯಲ್ಲಿದೆ. ನಮ್ಮ ಚರಿತ್ರೆಕಾರರು ಕಡೆಗಣಿಸಿದ ಆಕರವೂ ಅದೇ. ಹಾಲೇರು, ಬೆಳ್ಳೇರು, ಸೂರಿರು, ತೆನೇರು, ಸೆಲಿಕಿರು ಮುಂತಾದ ಕುಲಗಳಿಗೆ ಕಾಡಿನಲ್ಲಿ ಅವರವರ ಎಲ್ಲೆಗಳಿವೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ, ಹಿರಿಯರ ಗೋರಿಗಳಿವೆ. ಕೊತ್ತುಕಾಡು ಬೇಸಾಯ ಸರದಿಯ ಮೇಲೆ ಜಾಗ ಬದಲಿಸುತ್ತಿತ್ತು, ಅದರೊಂದಿಗೆ ಪೋಡಿನ, ಅಂದರೆ ಸೋಲಿಗರ ವಸತಿಯ, ಗುಡಿಸಲೂ ಸರಿಯುತ್ತಿತ್ತು. ಅಬ್ಬಿಯ ನೀರು, ಮಾರಮ್ಮನ ಕಲ್ಲು, ಗೋರಿ ಸರಿಯುತ್ತಿರಲಿಲ್ಲ. ರಾಗಿ ಕೊಯ್ಲಿನ ರೊಟ್ಟಿ ಹಬ್ಬದ ಎಡೆ ಸಲ್ಲುತ್ತಿದ್ದುದು ಈ ನಿಂತ ನೆಲೆಗಳಿಗೆ. ಭಾರ್ಗವಿ ಹೊಳೆಯ ಮಗ್ಗುಲಿನ ದೊಡ್ಡಸಂಪಿಗೆ ಮರ ಇಂಥ ನೆಲೆಗಳಲ್ಲಿ ಹೆಸರುವಾಸಿ. ಅದರ ಪ್ರಸಿದ್ಧಿಯ ನೆರಳಿನಲ್ಲಿ ಉಳಿದ ನೂರಾರು ನೆಲೆಗಳು ಮರೆಯಾಗಿವೆ. ಊರನ್ನು ಗುಡಿಸಲಿನಿಂದ ಗುರುತಿಸಿದವರಿಗೆ ಇಲ್ಲಿ ಊರು ಕಾಣಲಿಲ್ಲ. ಎಲ್ಲೆಯಿಂದ ಗುರುತಿಸಿದರೆ ಊರು ಮೊದಲಿನಿಂದಲೂ ಇತ್ತು.

ಇದಕ್ಕೊಂದು ಆಕ್ಷೇಪವಿದೆ. ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸೋಲಿಗರು ಕೂಡಿ ಈ ನೆಲೆಗಳ ನಕ್ಷೆ ತಯಾರಿಸಿದ್ದು ಇತ್ತೀಚೆಗೆ, ಅರಣ್ಯ ಹಕ್ಕಿನ ಅರ್ಜಿ, ಹೋರಾಟಗಳ ದಿನಗಳಲ್ಲಿ. ಅದು 1800ಕ್ಕೆ ಸಾಕ್ಷಿಯಾಗದು ಎಂಬುದು. ನಕ್ಷೆ ಹೊಸದು, ನಿಜ. ಪ್ರತಿಯೊಂದು ಕಲ್ಲಿನ ಕಾಲವನ್ನೂ ಅದು ಹೇಳದು, ಅದೂ ನಿಜ. ಆದರೆ ಅಬ್ಬಿಯನ್ನು ನಕ್ಷೆಗೋಸ್ಕರ ಯಾರೂ ಹುಟ್ಟಿಸಲಾರರು. ಒಳಗಾಡಿನ ಗೋರಿ ಅರ್ಜಿಗೋಸ್ಕರ ಎದ್ದದ್ದಲ್ಲ. ಈ ನೆಲೆಗಳು ಬಿಡಿಬಿಡಿಯಾಗಿಯೂ ನಿಂತಿಲ್ಲ. ಮದುವೆಯ ಸಂಬಂಧ ನಿರ್ಧರಿಸುವ ಕುಲ, ಪೂಜೆ ಸಲ್ಲಿಸುವ ತಮ್ಮಡಿ, ನ್ಯಾಯ ಹೇಳುವ ಯಜಮಾನ ಮತ್ತು ಪಟ್ಟಗಾರ, ಎಲ್ಲರೂ ಅವಕ್ಕೆ ಹೆಣೆದುಕೊಂಡಿದ್ದಾರೆ. ಇಂಥ ಹೆಣಿಗೆ ಒಂದು ಅರ್ಜಿಯ ಅವಧಿಯಲ್ಲಿ ಆಗುವಂಥದಲ್ಲ. ದಾರಿಹೋಕನೊಬ್ಬನ ಕೆಲವೇ ವಾಕ್ಯಗಳನ್ನು ಪ್ರಶ್ನೆಯಿಲ್ಲದೆ ಒಪ್ಪಿದವರು, ಆ ನೆಲದಲ್ಲೇ ಬಾಳಿದ ಜನರ ಸಾಕ್ಷ್ಯಕ್ಕೆ ಮಾತ್ರ ತಾರೀಖು ಕೇಳುವುದು ಸಂಶೋಧನೆಯ ನ್ಯಾಯವಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ವಿದ್ವತ್ತಿಗಿಂತ ಮುಂದಿದೆ. ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳು ಗೆಜೆಟಿಯರ್ ಮತ್ತು ಜನಗಣತಿಯ ಜೊತೆಗೇ ಹಿರಿಯರ ಹೇಳಿಕೆಯನ್ನೂ, ಪವಿತ್ರ ಮರ, ದೇವರಕಾಡು, ಸ್ಮಶಾನಗಳನ್ನೂ ಪುರಾವೆಯೆಂದು ಎಣಿಸುತ್ತವೆ. 2011ರ ಆರಂಭದಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ 25 ಗ್ರಾಮಸಭೆಗಳ ಸಮುದಾಯ ಹಕ್ಕುಗಳಿಗೂ ಮನ್ನಣೆ ದೊರೆಯಿತು.

ತಪ್ಪು ಓದಿನ ಬೆಲೆ ತೆತ್ತವರು ವಿದ್ವಾಂಸರಲ್ಲ. 1974ರಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ಬೇಟೆಯೂ ಕೊತ್ತುಕಾಡೂ ನಿಂತವು; ಒಳಗಿನ ಪೋಡುಗಳ ಅನೇಕ ಕುಟುಂಬಗಳು ರಸ್ತೆಯಂಚಿನ ಕಾಲೊನಿಗಳಿಗೆ ಬಂದವು. ಅಲೆಮಾರಿಗಳಿಗೆ ನೆಲೆ ಕೊಟ್ಟೆವೆಂಬ ಭಾವನೆಗೆ ಆಗ ಅಡ್ಡಿ ಬರಲಿಲ್ಲ. ತರಗು ಬೆಂಕಿಯೂ ನಿಂತಿತು. ವರ್ಷದ ಮೊದಲಲ್ಲಿ ನೆಲದ ಒಣ ಎಲೆಗಳನ್ನಷ್ಟೇ ಸುಡುತ್ತಿದ್ದ ಆ ಬೆಂಕಿ ಇಲ್ಲವಾದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಬಂದಳಿಕೆ ಹತ್ತಿತು ಎನ್ನುತ್ತಾರೆ ಸೋಲಿಗ ಹಿರಿಯರು. 1997 ಮತ್ತು 2008ರ ನಡುವೆ ಲಂಟಾನದ ವ್ಯಾಪ್ತಿ ಸುಮಾರು ಇಮ್ಮಡಿಯಾದದ್ದನ್ನು ಸಸ್ಯ ಸಮೀಕ್ಷೆಗಳು ದಾಖಲಿಸಿವೆ. ಕಾರಣ ಇದೊಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ನೆಲವನ್ನು ಋತುಮಾನ ನೋಡಿ ಆರೈಕೆ ಮಾಡಿದವರನ್ನು ಅಲೆಮಾರಿಗಳೆಂದು ಬರೆದದ್ದರಿಂದ, ಅವರ ಮಾತು ಅರಣ್ಯ ನಿರ್ವಹಣೆಯ ಚರ್ಚೆಗೆ ಬರುವುದೇ ತಡವಾಯಿತು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಬುಕಾನನ್‌ನನ್ನು ಕೈಬಿಡುವುದು ಬೇಡ. ಅವನ ಕಣ್ಣು ಚುರುಕು, ಅವನು ಕೊಟ್ಟ ವಿವರಗಳೇ ಈ ವಾದಕ್ಕೂ ಬುಡ. ಆದರೆ ಈ ಬೆಟ್ಟದ ಚರಿತ್ರೆಗೆ ಎಲ್ಲೆಯ ನೆಲೆಗಳು ಮೊದಲ ಆಕರವಾಗಬೇಕು, ಅವನ ಪರಿಚ್ಛೇದ ಅವುಗಳ ಬೆಳಕಿನಲ್ಲಿ ಓದುವ ಎರಡನೆಯ ಆಕರವಾಗಬೇಕು. ಮುಂದೆ ಬರೆಯುವ ಗೆಜೆಟಿಯರುಗಳಲ್ಲಿ ‘ಅಲೆಮಾರಿ’ ಎಂಬ ವಿಶೇಷಣ ಬಳಸಬೇಕೆನ್ನುವವರು, ಎಲ್ಲೆಯ ಸಾಕ್ಷ್ಯವನ್ನು ಒಂದೊಂದಾಗಿ ಎದುರಿಸಿ, ಅದು ಸಲ್ಲದೆಂದು ತೋರಿಸಿದ ನಂತರವೇ ಬಳಸಲಿ.