ಹಣೆಬರಹದ ಕಚೇರಿ ಮತ್ತು ಇತಿಹಾಸದ ಪಿರಿಯಡ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದರು. ಶಾಲೆಯ ಕಟ್ಟಡ ಎದ್ದ ಕಥೆ, ಜಾಗ ದಾನ ಕೊಟ್ಟವರ ಕಥೆಯನ್ನು ಬೇರೆಯವರು ಬರೆಯುತ್ತಿದ್ದಾರಂತೆ. 1987ರಿಂದ 2008ರವರೆಗೆ ಇಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ನನ್ನ ಪಾಲಿಗೆ ಉಳಿದದ್ದು 'ಇತಿಹಾಸ ಏಕೆ ಓದಬೇಕು' ಎಂಬ ಹಳೆಯ ಪ್ರಶ್ನೆ. ಒಂದು ಇಂಗ್ಲಿಷ್ ಸಿನಿಮಾದ ಮೂಲಕ ಬರೆಯುತ್ತೇನೆ ಎಂದಾಗ ಬಂದವರು ಮುಖ ಮುಖ ನೋಡಿಕೊಂಡರು. ಮೇಷ್ಟ್ರಿಗೆ ವಯಸ್ಸಾಯಿತು ಅಂದುಕೊಂಡಿರಬೇಕು.

ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಆ ಸಿನಿಮಾ ನೋಡಿದೆ. ಹೆಸರು 'ದಿ ಅಡ್ಜಸ್ಟ್‌ಮೆಂಟ್ ಬ್ಯೂರೋ', 2011ರಲ್ಲಿ ಬಂದದ್ದು. ನಮ್ಮ ಬಸ್ಸುಗಳಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುತ್ತಾರಲ್ಲ, ಆ ಪದವೇ. ಆದರೆ ಇಲ್ಲಿ ಅಡ್ಜಸ್ಟ್ ಮಾಡುವವರು ಮೇಲಿನವರು. ಮನುಷ್ಯರ ಬದುಕು ಮೊದಲೇ ಬರೆದಿಟ್ಟ ಯೋಜನೆಯಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಒಂದು ಕಚೇರಿಯೇ ಇದೆ. ಅದರ ಸಿಬ್ಬಂದಿ ಕೋಟು ತೊಟ್ಟು, ಟೋಪಿ ಹಾಕಿಕೊಂಡು ನ್ಯೂಯಾರ್ಕಿನ ಬೀದಿಗಳಲ್ಲಿ ಓಡಾಡುತ್ತಾರೆ. ಆ ಟೋಪಿ ತಲೆಯ ಮೇಲಿದ್ದರೆ ಒಂದು ಬಾಗಿಲು ತೆರೆದು ಊರಿನ ಇನ್ನೊಂದು ಮೂಲೆಗೆ ಕಾಲಿಡಬಹುದು. ಕೈಯಲ್ಲಿ ಒಂದು ಪುಸ್ತಕ. ಅದರ ಹಾಳೆಯ ಮೇಲೆ ನಮ್ಮ ನಿಮ್ಮ ಬದುಕಿನ ಗೆರೆಗಳು ಚಲಿಸುತ್ತಿರುತ್ತವೆ.

ಮ್ಯಾಟ್ ಡೇಮನ್ ನಟಿಸಿರುವ ಡೇವಿಡ್ ನಾರಿಸ್ ಒಬ್ಬ ಯುವ ರಾಜಕಾರಣಿ. ಸೆನೆಟ್ ಚುನಾವಣೆಯಲ್ಲಿ ಸೋತ ರಾತ್ರಿಯೇ ಎಲಿಸ್ ಎಂಬ ನೃತ್ಯಗಾರ್ತಿಯ ಪರಿಚಯವಾಗುತ್ತದೆ. ಆ ಪಾತ್ರದಲ್ಲಿ ಎಮಿಲಿ ಬ್ಲಂಟ್. ಅವರಿಬ್ಬರೂ ಮತ್ತೆ ಭೇಟಿಯಾಗಕೂಡದು ಎಂದು ಪುಸ್ತಕದಲ್ಲಿ ಬರೆದಿದೆ. ಅದಕ್ಕಾಗಿ ಒಂದು ಬೆಳಿಗ್ಗೆ ಸರಿಯಾದ ಗಳಿಗೆಗೆ ಡೇವಿಡ್‌ನ ಅಂಗಿಯ ಮೇಲೆ ಕಾಫಿ ಚೆಲ್ಲಿಸುವ ಕೆಲಸವನ್ನು ಒಬ್ಬ ಸಿಬ್ಬಂದಿಗೆ ವಹಿಸಿರುತ್ತಾರೆ. ಆತ ಪಾರ್ಕಿನ ಬೆಂಚಿನ ಮೇಲೆ ತೂಕಡಿಸಿಬಿಡುತ್ತಾನೆ. ಕಾಫಿ ಚೆಲ್ಲುವುದಿಲ್ಲ, ಬಸ್ಸು ತಪ್ಪುವುದಿಲ್ಲ, ಬಸ್ಸಿನೊಳಗೆ ಎಲಿಸ್ ಕೂತಿರುತ್ತಾಳೆ. ಮುಂದಿನದೆಲ್ಲ ಬೆನ್ನಟ್ಟುವುದು, ಓಡುವುದು. ಇಬ್ಬರೂ ಬೇರೆಯಾದರೆ ಅವನು ಅಮೆರಿಕದ ಅಧ್ಯಕ್ಷನಾಗುತ್ತಾನೆ, ಅವಳು ಜಗತ್ಪ್ರಸಿದ್ಧ ನೃತ್ಯಗಾರ್ತಿಯಾಗುತ್ತಾಳೆ. ಒಂದಾದರೆ ಎರಡೂ ಇಲ್ಲ ಎಂದು ಕಚೇರಿಯವರು ಹೆದರಿಸುತ್ತಾರೆ. ಪ್ರೇಮಕಥೆ ಚೆನ್ನಾಗಿದೆ, ಕಡೆಯ ಅರ್ಧ ಗಂಟೆ ಸ್ವಲ್ಪ ಅವಸರವಾಯಿತು ಎಂದು ನನ್ನ ಅಭಿಪ್ರಾಯ.

ಇದರ ಮೂಲ ಫಿಲಿಪ್ ಕೆ. ಡಿಕ್ ಎಂಬ ಅಮೆರಿಕನ್ ಲೇಖಕ 1954ರಲ್ಲಿ ಪ್ರಕಟಿಸಿದ 'ಅಡ್ಜಸ್ಟ್‌ಮೆಂಟ್ ಟೀಮ್' ಎಂಬ ಸಣ್ಣಕಥೆ. ಅಲ್ಲಿ ಪ್ರೇಮಿಗಳಿಲ್ಲ, ಜಮೀನು-ಮನೆ ಮಾರಾಟದ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಸಂಸಾರಸ್ಥ ಇದ್ದಾನೆ. ಕಾಫಿಯ ಬದಲು ಒಂದು ನಾಯಿ. ಅದು ಬೆಳಿಗ್ಗೆ ಎಂಟೂಕಾಲಿಗೆ ಸರಿಯಾಗಿ ಬೊಗಳಬೇಕು. ನಾಯಿ ತೂಕಡಿಸಿ ಒಂದು ನಿಮಿಷ ತಡವಾಗಿ ಬೊಗಳುತ್ತದೆ. ಅಷ್ಟಕ್ಕೇ ಕಾರು ತರಬೇಕಾದ ಗೆಳೆಯನ ಬದಲು ವಿಮೆ ಏಜೆಂಟ್ ಬಾಗಿಲು ತಟ್ಟುತ್ತಾನೆ, ನಾಯಕ ತಡವಾಗಿ ಕಚೇರಿಗೆ ಹೋಗುತ್ತಾನೆ, ನೋಡಬಾರದ್ದನ್ನು ನೋಡುತ್ತಾನೆ. ಅದು ಶೀತಲ ಸಮರದ ಕಾಲ. ಒಂದು ಜಮೀನು ಖರೀದಿಯಿಂದ ಶುರುವಾಗಿ ಕೊನೆಗೆ ಯುದ್ಧದ ಕಾವು ಇಳಿಯಲಿ ಎಂಬುದಕ್ಕೇ ಇಷ್ಟೆಲ್ಲ ಹೊಂದಾಣಿಕೆ ಎಂದು ಕಥೆಯ ಮುದುಕ ವಿವರಿಸುತ್ತಾನೆ. ಇದನ್ನು ಪ್ರೇಮಕಥೆ ಮಾಡಿದ್ದು ನಿರ್ದೇಶಕ ಜಾರ್ಜ್ ನಾಲ್ಫಿ. ಅವರ ನಿರ್ದೇಶನದ ಮೊದಲ ಚಿತ್ರವಿದು.

ಡಿಕ್‌ನ ಬದುಕಿನ ಒಂದು ಸಂಗತಿ ಕಥೆಗಿಂತ ವಿಚಿತ್ರ. 1928ರ ಡಿಸೆಂಬರಿನಲ್ಲಿ ಅವನೂ ಜೇನ್ ಎಂಬ ತಂಗಿಯೂ ಅವಳಿಗಳಾಗಿ ಹುಟ್ಟಿದರು. ಆರು ವಾರಕ್ಕೇ ಆ ಮಗು ತೀರಿಕೊಂಡಿತು. ತಂದೆತಾಯಿ ಕೊಲರಾಡೊದಲ್ಲಿ ಮಗುವಿಗೆ ಹಾಕಿಸಿದ ಸಮಾಧಿ ಕಲ್ಲಿನ ಮೇಲೆ ಬದುಕಿದ್ದ ಮಗನ ಹೆಸರನ್ನೂ ಕೆತ್ತಿಸಿ, ಸಾವಿನ ದಿನಾಂಕಕ್ಕೆ ಜಾಗ ಖಾಲಿ ಬಿಡಿಸಿದರು. ಐವತ್ಮೂರು ವರ್ಷ ಕಲ್ಲು ಕಾದಿತ್ತು. 1982ರ ಮಾರ್ಚಿನಲ್ಲಿ ತೀರಿಕೊಂಡ ಅವನ ಚಿತಾಭಸ್ಮವನ್ನು ಅಲ್ಲಿಯೇ ತಂಗಿಯ ಪಕ್ಕದಲ್ಲಿ ಹೂತರು. ತನ್ನ ಹೆಸರು ಕೆತ್ತಿದ ಕಲ್ಲೊಂದು ಎಲ್ಲೋ ನಿಂತಿದೆ ಎಂದು ತಿಳಿದು ಬದುಕಿದವನು ವಿಧಿಯ ಬಗ್ಗೆ ಬರೆಯದೆ ಇನ್ನೇನು ಬರೆದಾನು?

ಇನ್ನು ನನ್ನ ಪಿರಿಯಡ್ಡಿಗೆ ಬರುತ್ತೇನೆ. ಸಿನಿಮಾದಲ್ಲಿ ಥಾಂಪ್ಸನ್ ಎಂಬ ಮೇಲಧಿಕಾರಿ ನಾಯಕನಿಗೆ ಇತಿಹಾಸದ ಪಾಠ ಮಾಡುತ್ತಾನೆ. ಬೇಟೆಯಾಡುತ್ತಿದ್ದ ಮನುಷ್ಯರನ್ನು ರೋಮ್ ಸಾಮ್ರಾಜ್ಯದ ಶಿಖರದವರೆಗೆ ತಂದವರು ಅವರೇ ಅಂತೆ. ನಂತರ ಸ್ವತಂತ್ರ ಬಿಟ್ಟು ನೋಡಿದರಂತೆ, ನಾವು ಐದು ಶತಮಾನ ಕತ್ತಲೆಯ ಯುಗ ತಂದುಕೊಂಡೆವಂತೆ. ಮತ್ತೆ ಹಿಡಿತಕ್ಕೆ ತೆಗೆದುಕೊಂಡು ಆರುನೂರು ವರ್ಷ ಪುನರುಜ್ಜೀವನ, ವೈಜ್ಞಾನಿಕ ಕ್ರಾಂತಿ ಎಲ್ಲ ಕೊಟ್ಟು, 1910ರಲ್ಲಿ ಮತ್ತೆ ಕೈಬಿಟ್ಟರಂತೆ. ಐವತ್ತೇ ವರ್ಷದಲ್ಲಿ ನಾವು ಮಹಾಯುದ್ಧ, ಆರ್ಥಿಕ ಕುಸಿತ, ಫ್ಯಾಸಿಸಂ, ಯಹೂದಿಗಳ ನರಮೇಧ, ಕೊನೆಗೆ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನವರೆಗೆ ಹೋದೆವಂತೆ.

ಇದನ್ನು ಕೇಳಿದಾಗ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕಿತು. ಮೊದಲು ಲೆಕ್ಕ. 1910ಕ್ಕೂ ಕ್ಯೂಬಾ ಬಿಕ್ಕಟ್ಟಿನ 1962ಕ್ಕೂ ನಡುವೆ ಐವತ್ತೆರಡು ವರ್ಷ. ಅರ್ಧ ಅಂಕ ಕಡಿತ. ಪಶ್ಚಿಮ ರೋಮ್ ಬಿದ್ದದ್ದು 476ರಲ್ಲಿ. ಐದು ಶತಮಾನ ಕೂಡಿಸಿದರೆ 976. ಅತ್ತ 1910ರಿಂದ ಆರುನೂರು ಕಳೆದರೆ 1310. ನಡುವಿನ ಮುನ್ನೂರ ಮೂವತ್ತನಾಲ್ಕು ವರ್ಷ ಎಲ್ಲಿ ಹೋಯಿತು? ನಮ್ಮಲ್ಲಿ ಬೇಲೂರಿನ ಗುಡಿ ಎದ್ದದ್ದು, ಕಲ್ಯಾಣದಲ್ಲಿ ಶರಣರು ವಚನ ನುಡಿದದ್ದು, ಇಂಗ್ಲೆಂಡಿನಲ್ಲಿ 1215ರ ಮ್ಯಾಗ್ನಾ ಕಾರ್ಟಾ ಆದದ್ದು ಆ ಖಾಲಿ ಜಾಗದಲ್ಲೇ.

ಕತ್ತಲೆಯ ಯುಗವೆಂದರೂ ಯಾರ ಕತ್ತಲೆ? ಆ ಐನೂರು ವರ್ಷದಲ್ಲಿ ಆರ್ಯಭಟ 499ರಲ್ಲಿ ತನ್ನ ಗ್ರಂಥ ಬರೆದ. 578ರಲ್ಲಿ ಬಾದಾಮಿಯ ಮೂರನೆಯ ಗುಹೆಯ ಶಾಸನ ಕೆತ್ತಿದರು. 634ರಲ್ಲಿ ರವಿಕೀರ್ತಿ ಐಹೊಳೆಯಲ್ಲಿ ಪುಲಕೇಶಿಯ ಕೀರ್ತಿಯನ್ನು ಕಲ್ಲಿಗೆ ಹತ್ತಿಸಿದ. ಎಲ್ಲೋರದಲ್ಲಿ ರಾಷ್ಟ್ರಕೂಟರು ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕಡೆದು ಕೈಲಾಸ ಮಾಡಿದರು. ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬೀಜಗಣಿತಕ್ಕೆ ಹೆಸರು ಬರುವಂಥ ಪುಸ್ತಕ ಬರೆದ. ಕವಿರಾಜಮಾರ್ಗ ಬಂದದ್ದು, 941ರಲ್ಲಿ ಪಂಪ ಆದಿಪುರಾಣ ಮುಗಿಸಿದ್ದು ಎಲ್ಲ ಆಗಲೇ. ಹೀಗೆ ಬಿಟ್ಟುಹೋದ ಉತ್ತರಕ್ಕೆ ನಾನು ಐದಕ್ಕೆ ಒಂದೂವರೆ ಅಂಕ ಕೊಡುತ್ತಿದ್ದೆ.

ಅದಕ್ಕಿಂತ ನನ್ನನ್ನು ಕೆಣಕಿದ್ದು ಅವರೇ ನಡೆಸಿದೆವೆಂದು ಹೇಳಿಕೊಳ್ಳುವ ಆರುನೂರು ವರ್ಷ. ಅದರೊಳಗೆ 1347ರ ನಂತರದ ಪ್ಲೇಗಿನಲ್ಲಿ ಯೂರೋಪಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಸತ್ತರು. ಆಫ್ರಿಕಾದಿಂದ ಸುಮಾರು ಒಂದೂಕಾಲು ಕೋಟಿ ಜನರನ್ನು ಗುಲಾಮರನ್ನಾಗಿ ಹಡಗಿಗೆ ತುಂಬಿದರು. ನಮ್ಮ ಹಿರಿಯರು ಧಾತು-ಈಶ್ವರದ ಬರ ಎಂದು ನೆನೆಯುತ್ತಿದ್ದ 1876-78ರ ಕ್ಷಾಮವೂ ಅದರೊಳಗೇ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೋದರು. ಮಳೆ ಹೋದದ್ದು ದೈವ ಅನ್ನೋಣ. ಆದರೆ ಆ ವರ್ಷಗಳಲ್ಲೂ ಭಾರತದ ಬಂದರುಗಳಿಂದ ಧಾನ್ಯ ರಫ್ತಾಗುತ್ತಿತ್ತು. ಜನ ಹಸಿದಿದ್ದಾಗಲೇ 1877ರ ಜನವರಿ ಒಂದರಂದು ದಿಲ್ಲಿಯಲ್ಲಿ ವೈಸರಾಯ್ ಲಿಟನ್ನನ ದರ್ಬಾರು ನಡೆಯಿತು. ಪರಿಹಾರ ಕಾಮಗಾರಿಯಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿಕೊಟ್ಟ. ಟೋಪಿ ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಯಾರು ಉಳಿಯಬೇಕು ಎಂದು ಬರೆಯುವವರನ್ನು ನೋಡಲು ನಮಗೆ ಸಿನಿಮಾ ಬೇಕಿರಲಿಲ್ಲ. ಕೆಳಗಿದ್ದ ಜನ ಅದನ್ನು ಹಣೆಬರಹ ಅಂದುಕೊಂಡರು.

ಕ್ಯೂಬಾ ಬಿಕ್ಕಟ್ಟನ್ನು ಥಾಂಪ್ಸನ್ ನಮ್ಮ ಸ್ವಾತಂತ್ರ್ಯದ ದೊಡ್ಡ ಅಪರಾಧವೆಂದು ಕೊನೆಗೆ ಇಡುತ್ತಾನಲ್ಲ, ನಾನಾದರೆ ಅದನ್ನೇ ಎದುರು ಸಾಕ್ಷಿಯಾಗಿ ಕರೆಯುತ್ತೇನೆ. 1962ರ ಅಕ್ಟೋಬರ್ 27ರಂದು ಕ್ಯೂಬಾದ ಬಳಿ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಅಮೆರಿಕದ ಯುದ್ಧನೌಕೆಗಳು ಸುತ್ತುವರಿದು, ಮೇಲೆ ಬರಲಿ ಎಂದು ಎಚ್ಚರಿಕೆಯ ಸಿಡಿಮದ್ದು ಎಸೆಯುತ್ತಿದ್ದವು. ಒಳಗೆ ಸೆಕೆ, ಕೆಟ್ಟ ಗಾಳಿ, ಮಾಸ್ಕೋದೊಡನೆ ಸಂಪರ್ಕವಿಲ್ಲ. ಆ ನೌಕೆಯಲ್ಲಿ ಒಂದು ಪರಮಾಣು ಟಾರ್ಪಿಡೊ ಇತ್ತು. ಮೇಲೆ ಯುದ್ಧ ಶುರುವಾಗಿಹೋಗಿದೆ ಎಂದುಕೊಂಡ ಕ್ಯಾಪ್ಟನ್ ಅದನ್ನು ಸಿದ್ಧಮಾಡಿ ಎಂದನಂತೆ. ವಾಸಿಲಿ ಅರ್ಖಿಪೋವ್ ಎಂಬ ಹಿರಿಯ ಅಧಿಕಾರಿ ಒಪ್ಪದೆ ಅವನನ್ನು ಸಮಾಧಾನ ಮಾಡಿದ, ನೌಕೆ ಮೇಲೆ ಬಂತು ಎಂದು ಅಂದು ಒಳಗಿದ್ದವರೊಬ್ಬರು ನೆನಪಿಸಿಕೊಂಡಿದ್ದಾರೆ. ಈ ಕಥೆ ಲೋಕಕ್ಕೆ ತಿಳಿದದ್ದು 2002ರಲ್ಲಿ. ಅದುವರೆಗೆ ನಾನು ಆ ಪಾಠವನ್ನು ಕೆನಡಿ, ಕ್ರುಶ್ಚೇವ್ ಎಂಬ ಎರಡು ಹೆಸರಿನಲ್ಲೇ ಮುಗಿಸುತ್ತಿದ್ದೆ.

ಇಷ್ಟು ತಿದ್ದಿ ಮುಗಿಸಿ ಮಲಗಿದೆ. ನಿದ್ದೆ ಬರಲಿಲ್ಲ. ಥಾಂಪ್ಸನ್ನನ ಪಾಠವನ್ನು ನಾನೇ ಒಮ್ಮೆ ಮಾಡಿದ್ದೆ ಎಂದು ನೆನಪಾಯಿತು.

1991-92ರ ಹತ್ತನೇ ತರಗತಿ. ಮೊದಲ ಮಹಾಯುದ್ಧದ ಪಾಠ. 1914ರ ಜೂನ್ 28ರಂದು ಸಾರಾಯೆವೊದಲ್ಲಿ ಬೆಳಿಗ್ಗೆ ಎಸೆದ ಬಾಂಬಿನಿಂದ ಆಸ್ಟ್ರಿಯಾದ ಯುವರಾಜ ಪಾರಾದದ್ದು, ಆಮೇಲೆ ಕಾರಿನ ಡ್ರೈವರ್ ತಪ್ಪು ರಸ್ತೆಗೆ ತಿರುಗಿಸಿ ನಿಲ್ಲಿಸಿದ್ದು, ಪಿಸ್ತೂಲು ಹಿಡಿದ ಗವ್ರಿಲೊ ಪ್ರಿನ್ಸಿಪ್ ಅಲ್ಲಿಯೇ ನಿಂತಿದ್ದದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಆ ಡ್ರೈವರ್ ಗಾಡಿ ತಿರುಗಿಸದೇ ಇದ್ದಿದ್ರೆ ಯುದ್ಧ ಆಗ್ತಿರ್ಲಿಲ್ವಾ?" ಎಂದಳು. ಒಳ್ಳೆಯ ಪ್ರಶ್ನೆ. ಆಗಲೇ ಒಪ್ಪಂದಗಳ ಗಂಟು, ಶಸ್ತ್ರಾಸ್ತ್ರಗಳ ಪೈಪೋಟಿ, ಬಾಲ್ಕನ್ನಿನ ಜಗಳ ಎಲ್ಲ ಕೂಡಿತ್ತು. ಆದರೂ ಕೊಲೆಯಾದ ಮೇಲಿನ ಒಂದು ತಿಂಗಳಲ್ಲಿ ಐದಾರು ರಾಜಧಾನಿಗಳಲ್ಲಿ ಹಲವರು ಬೇರೆ ತೀರ್ಮಾನ ಮಾಡಬಹುದಿತ್ತು ಎಂದು ಉತ್ತರಿಸಬೇಕಿತ್ತು. ಬೆಲ್ಲು ಹೊಡೆಯುವ ಹೊತ್ತು. "ಆಗಬೇಕಾದ್ದು ಆಗಿಯೇ ಆಗುತ್ತೆ, ಕೂತ್ಕೋ" ಎಂದೆ.

ಸಂಕ್ರಾಂತಿ ಕಳೆದ ಮೇಲೆ ಅವಳು ಬರಲಿಲ್ಲ. ಸೈಕಲ್ ಹತ್ತಿ ಮನೆಗೆ ಹೋದೆ. ಜಗುಲಿಯ ಮೇಲೆ ಲಗ್ನಪತ್ರಿಕೆಯ ಕಟ್ಟು ಇತ್ತು. "ಪರೀಕ್ಷೆ ಇನ್ನು ಎರಡೇ ತಿಂಗಳು" ಎಂದೆ. ಅವರಪ್ಪ ಒಳ್ಳೆಯ ಮನುಷ್ಯ. "ಏನ್ ಮಾಡೋದು ಮೇಷ್ಟ್ರೇ, ಒಳ್ಳೇ ಸಂಬಂಧ ಕೂಡಿ ಬಂತು. ವಿಧಿಯಮ್ಮ ಅವಳ ಹಣೇಲಿ ಇಷ್ಟೇ ಓದು ಬರೆದವ್ಳೆ" ಎಂದರು. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ ಎಂದು ಪೌರನೀತಿಯ ಪಾಠದಲ್ಲಿ ಹೇಳುತ್ತಿದ್ದವನು ನಾನೇ. ಅಲ್ಲಿ ಹೇಳಲಿಲ್ಲ. ಕೊಟ್ಟ ಕಾಫಿ ಕುಡಿದೆ, "ನೀವು ಹೇಳೋದೂ ನಿಜ" ಎಂದು ಸೈಕಲ್ ತಿರುಗಿಸಿದೆ. ಒಳಗಿನ ಬಾಗಿಲ ಮರೆಯಲ್ಲಿ ಅವಳು ನಿಂತಿದ್ದಳು.

ಹದಿನೈದು ವರ್ಷದ ಮೇಲೆ, 2007ರ ಜೂನಿನಲ್ಲಿ, ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಅವಳೇ ಬಂದಳು. ನಾನು ಅರ್ಜಿ ತುಂಬಿಸಿಕೊಳ್ಳುತ್ತಿದ್ದೆ. ಗುರುತು ಹಿಡಿದು ನಮಸ್ಕಾರ ಮಾಡಿದಳು. ದೂರು ಏನೂ ಹೇಳಲಿಲ್ಲ. ತಾಯಿಯ ವಿದ್ಯಾರ್ಹತೆ ಎಂಬ ಕಡೆ ಏನು ಬರೆಯಲಿ ಎಂದಾಗ ಮಾತ್ರ, "ಹತ್ತನೇ ಕ್ಲಾಸು ಅಂತ ಬರೀಬಹುದಾ ಸಾರ್? ಪರೀಕ್ಷೆ ಬರೆದಿಲ್ಲ" ಎಂದಳು. ಮಗಳ ಕಡೆ ತಿರುಗಿ, "ಇವರೇ ಕಣೇ, ಆ ಕಾರು ತಿರುಗಿದ ಕಥೆ ಹೇಳಿದ್ದು" ಎಂದಳು. ಮಗಳು ಮೂರು ವರ್ಷ ಇಲ್ಲಿಯೇ ಓದಿ ಮೊದಲ ದರ್ಜೆಯಲ್ಲಿ ಪಾಸಾದಳು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ. ಎರಡನೆಯ ವರ್ಷವೇ ನನಗೆ ನಿವೃತ್ತಿಯಾಯಿತು.

ಈ ಸಲ ಮಹೋತ್ಸವದ ವಸ್ತುಪ್ರದರ್ಶನಕ್ಕೆಂದು ಹಳೆಯ ದಾಖಲೆಗಳನ್ನು ಬೀರುವಿನಿಂದ ತೆಗೆದಾಗ 1991-92ರ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ. ಪಕ್ಕದಲ್ಲಿ 'ದೀರ್ಘ ಗೈರುಹಾಜರಿ, ಹೆಸರು ತೆಗೆದುಹಾಕಲಾಗಿದೆ' ಎಂಬ ಬರಹ. ಅಕ್ಷರ ನನ್ನದೇ. ಹಾಳೆ ತಿರುವುತ್ತ ಹೋದಂತೆ ಬೇರೆ ವರ್ಷಗಳಲ್ಲೂ ಅಂಥ ಗೆರೆಗಳು ಸಿಕ್ಕವು. ಹುಡುಗಿಯರೇ ಹೆಚ್ಚು, ಕೂಲಿಗೆ, ಗ್ಯಾರೇಜಿಗೆ ಹೋದ ಹುಡುಗರೂ ಇದ್ದಾರೆ. ನಾನು ಎಣಿಸಲಿಲ್ಲ.

ಈ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಕೊಡುತ್ತಿದ್ದಾರೆ. ಮೊದಲು ಸಿದ್ಧವಾಗಿದ್ದ ಪಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರ ಹೆಸರು ಮಾತ್ರ ಇತ್ತು. ನಡುವೆ ಶಾಲೆ ಬಿಟ್ಟವರನ್ನೂ ಸೇರಿಸಬೇಕೆಂದು, ಇಲ್ಲದಿದ್ದರೆ ನನ್ನ ಲೇಖನ ಬೇಡವೆಂದು ಸಮಿತಿಯವರಿಗೆ ಹೇಳಿದೆ. ಸ್ವಲ್ಪ ಚರ್ಚೆಯಾಯಿತು, ಪುಟ ಹೆಚ್ಚಾಗುತ್ತದೆ ಅಂದರು, ಕೊನೆಗೆ ಒಪ್ಪಿದರು. ಹಾಜರಿ ಪುಸ್ತಕಗಳನ್ನು ನೋಡಿ ಹೆಸರು ಬರೆದುಕೊಳ್ಳುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಕೆಲವು ವರ್ಷದ ಪುಸ್ತಕಗಳನ್ನು ಗೆದ್ದಲು ತಿಂದಿದೆ. ನಿಮ್ಮ ಜೊತೆ ಓದಿ ನಡುವೆ ನಿಂತುಹೋದವರು ಯಾರಾದರೂ ನೆನಪಿದ್ದರೆ, ಅವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಿ.